ನವಾಬ ಮೂರನೆಯ ಸಾಲಾರ್ ಜಂಗ್

ಹೈದರಾಬಾದು ನಗರದ ನಡುವೆ ಹರಿಯುವ ಮೂಸಿ ನದಿಯ ದಕ್ಷಿಣ ದಂಡೆಯ ಮೇಲೆ ಅರ್ಧಚಂದ್ರಾಕಾರದ ವಿಶಾಲವಾದ ಕಟ್ಟಡವೊಂದಿದೆ. ಅದೇ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ. ಊರಿನಿಂದ ಬಂದ ನೆಂಟರಿಷ್ಟರನ್ನು ಮೊದಲು ಚಾರ್‌ಮಿನಾರಿಗೂ ಅನಂತರ ಈ ಸಂಗ್ರಹಾಲಯಕ್ಕೂ ಕರೆದೊಯ್ಯುವುದು ನಮ್ಮಲ್ಲಿ ವಾಡಿಕೆ. ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿಯೂ ಅದನ್ನು ಒಮ್ಮೆಯಾದರೂ ನೋಡದವರು ವಿರಳ. ಆದರೆ ಗಂಟೆ ಹೊಡೆಯುವ ಗಡಿಯಾರದ ಬೊಂಬೆಯನ್ನೂ ಮುಸುಕು ಹೊದ್ದ ಅಮೃತಶಿಲೆಯ ಕನ್ಯೆಯನ್ನೂ ಕಂಡು ಬೆರಗಾಗಿ ಹೊರಬಂದವರನ್ನು, ಇವನ್ನೆಲ್ಲ ಕೂಡಿಸಿದವರು ಯಾರು, ಯಾವ ಹಣದಿಂದ ಕೂಡಿಸಿದರು, ಒಬ್ಬರ ಅರಮನೆಯಲ್ಲಿದ್ದುದು ನಮ್ಮೆಲ್ಲರ ಸೊತ್ತಾದುದು ಹೇಗೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಕಡಿಮೆ. ಈ ವೃತ್ತಾಂತವನ್ನು ಎಲ್ಲರೂ ತಿಳಿಯತಕ್ಕದ್ದೇ. ಕನ್ನಡದ ಮಕ್ಕಳು ತಿಳಿಯುವುದಕ್ಕೆ ಮಾತ್ರ ಒಂದು ವಿಶೇಷ ಕಾರಣವೂ ಉಂಟು. ಅದನ್ನು ಅದರ ಸ್ಥಳದಲ್ಲಿ ಹೇಳುವೆನು.

ಮೂರನೆಯ ಸಾಲಾರ್ ಜಂಗರ ಹೆಸರು ಮೀರ್ ಯೂಸುಫ್ ಅಲಿ ಖಾನ್. ಸಾಲಾರ್ ಜಂಗ್ ಎಂಬುದು ಬಿರುದು. ಯುದ್ಧದಲ್ಲಿ ಸೇನೆಯನ್ನು ನಡೆಸುವವನು ಎಂದು ಅದರ ಅರ್ಥ. ಇವರ ಪೂರ್ವಿಕರು ಅರಬ್ ದೇಶದಿಂದ ಬಂದು ನೆಲೆಸಿದ್ದು ಕನ್ನಡ ನಾಡಿನ ಬಿಜಾಪುರದಲ್ಲಿ. ಆದಿಲಶಾಹಿ ಅರಸರ ಆಸ್ಥಾನದಲ್ಲಿ ಅವರು ಮಾನ್ಯತೆಯನ್ನು ಪಡೆದಿದ್ದರು. 1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾದ ಮೇಲೆ ಆ ಮನೆತನದವರು ಮೊಗಲರ ಸೇವೆಗೂ, ಕಾಲಕ್ರಮದಲ್ಲಿ ಹೈದರಾಬಾದಿನ ನಿಜಾಮರ ಸೇವೆಗೂ ಸೇರಿದರು. ಬುದ್ಧಿಬಲದಿಂದಲೂ ಸ್ವಾಮಿನಿಷ್ಠೆಯಿಂದಲೂ ಮೇಲೇರಿದ ಆ ವಂಶದವರು ಒಬ್ಬರಾದ ಮೇಲೊಬ್ಬರು ಸಂಸ್ಥಾನದ ದಿವಾನರಾದರು.

ಅವರಲ್ಲಿ ಅಗ್ರಗಣ್ಯರು ನಮ್ಮ ಚರಿತ್ರನಾಯಕರ ಅಜ್ಜಂದಿರಾದ ಮೀರ್ ತುರಾಬ್ ಅಲಿ ಖಾನ್, ಅಂದರೆ ಮೊದಲನೆಯ ಸಾಲಾರ್ ಜಂಗರು. 1853ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ದಿವಾನಗಿರಿಯನ್ನು ವಹಿಸಿಕೊಂಡ ಅವರು 1883ರಲ್ಲಿ ತೀರಿಕೊಳ್ಳುವವರೆಗೆ 30 ವರ್ಷಗಳ ಕಾಲ ಸಂಸ್ಥಾನದ ಆಡಳಿತವನ್ನು ನಡೆಸಿದರು. ಸಾಲದಲ್ಲಿ ಮುಳುಗಿದ್ದ ಬೊಕ್ಕಸವನ್ನು ಸರಿಪಡಿಸಿದರು. ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. ಕಂದಾಯದ ವಸೂಲಿಯನ್ನು ಗುತ್ತಿಗೆದಾರರ ಕೈಯಿಂದ ಬಿಡಿಸಿ ಸರಕಾರದ ಅಧಿಕಾರಿಗಳಿಗೆ ಒಪ್ಪಿಸಿದರು. ಕನ್ನಡ ಜಿಲ್ಲೆಯಾದ ಕಲಬುರ್ಗಿಯ ವಾಡಿಯಿಂದ ಹೈದರಾಬಾದಿಗೆ ರೈಲುಹಾದಿ ಬಂದುದು 1874ರಲ್ಲಿ, ಅವರ ಕಾಲದಲ್ಲಿಯೇ. ಇಂದಿಗೂ ನಮ್ಮಲ್ಲಿ ಅನೇಕರು ರಜೆಗೆ ಊರಿಗೆ ಹೋಗುವುದು ಅದೇ ಹಾದಿಯಲ್ಲಿ. ಅವರ ಮಗ ಮೀರ್ ಲಾಯಕ್ ಅಲಿ ಖಾನ್, ಎರಡನೆಯ ಸಾಲಾರ್ ಜಂಗರು, 1884ರಿಂದ 1887ರವರೆಗೆ ದಿವಾನರಾಗಿದ್ದರು.

ಎರಡನೆಯವರ ಏಕಮಾತ್ರ ಪುತ್ರರಾಗಿ ಯೂಸುಫ್ ಅಲಿ ಖಾನರು 1889ನೆಯ ಇಸವಿಯ ಜೂನ್ 13ರಂದು ಪುಣೆಯಲ್ಲಿ ಜನಿಸಿದರು. ಮಗುವಿಗೆ ಒಂದು ತಿಂಗಳೂ ತುಂಬುವ ಮೊದಲೇ ತಂದೆ ತೀರಿಕೊಂಡರು. ಅಪಾರವಾದ ಆಸ್ತಿಗೆ ಒಡೆಯನಾಗಿ ಉಳಿದದ್ದು ತೊಟ್ಟಿಲ ಕೂಸು. ಇಂಥ ಸಂದರ್ಭದಲ್ಲಿ ಆಸ್ತಿ ಕರಗಿಹೋಗುವುದು ಲೋಕದಲ್ಲಿ ಹೊಸತಲ್ಲ. ಆದರೆ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ಆ ಶಿಶುವಿನ ಪಾಲನೆಯ ಕಡೆಗೂ ಜಹಗೀರಿನ ಆಡಳಿತದ ಕಡೆಗೂ ಲಕ್ಷ್ಯ ಕೊಟ್ಟರು. ಮನೆತನದ ಬಿರುದೂ ಹುಡುಗನಿಗೆ ಬಂದಿತು. ಮನೆಯಲ್ಲಿ ಪಾರಸಿ, ಉರ್ದು ಮೊದಲಾದ ಭಾಷೆಗಳ ಶಿಕ್ಷಣವೂ, ಅನಂತರ ನಿಜಾಮ್ ಕಾಲೇಜಿನ ವಿದ್ಯಾಭ್ಯಾಸವೂ ಅವರಿಗೆ ದೊರೆತವು. ತಂದೆಯ ಮುಖವನ್ನೇ ಅರಿಯದ ಆ ಬಾಲಕರಿಗೆ ಅಜ್ಜನೂ ತಂದೆಯೂ ಬಿಟ್ಟುಹೋದ ಗ್ರಂಥಗಳು, ಚಿತ್ರಗಳು, ಪ್ರತಿಮೆಗಳೇ ಮನೆತನದ ನೆನಪಾಗಿ ಕಣ್ಣೆದುರಿಗೆ ನಿಂತಿದ್ದವು.

1912ರಲ್ಲಿ ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು ಇವರನ್ನು ದಿವಾನರನ್ನಾಗಿ ನೇಮಿಸಿದರು. ಆಗ ಇವರಿಗೆ 23 ವರ್ಷ ವಯಸ್ಸು. ಕೃಷ್ಣಾ ತುಂಗಭದ್ರೆಗಳಿಂದ ಗೋದಾವರಿಯಾಚೆಗೂ ಹಬ್ಬಿದ್ದ, ತೆಲುಗು, ಮರಾಠಿ, ಕನ್ನಡ, ಉರ್ದು ಮಾತನಾಡುವ ಪ್ರಜೆಗಳಿದ್ದ ಸಂಸ್ಥಾನದ ಭಾರ ಆ ತರುಣರ ಹೆಗಲಿಗೆ ಬಿದ್ದಿತು. ಆದರೆ ಅವರು ಬಹುಕಾಲ ಆ ಪದವಿಯಲ್ಲಿ ಉಳಿಯಲಿಲ್ಲ. 1914ರ ಕೊನೆಯಲ್ಲಿ ದಿವಾನಗಿರಿಗೆ ರಾಜೀನಾಮೆ ಕೊಟ್ಟರು. ಆ ಬಳಿಕ ನಿಜಾಮರು ಕೆಲವು ವರ್ಷ ತಾವೇ ನೇರವಾಗಿ ರಾಜ್ಯಭಾರ ನಡೆಸಿದರು.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 25ನೆಯ ವಯಸ್ಸಿನಲ್ಲಿ ಅಧಿಕಾರ ಹೋಯಿತು. ಕೈಯಲ್ಲಿ ಹೇರಳವಾದ ಧನವಿದೆ. ಮದುವೆಯಿಲ್ಲ, ಮಕ್ಕಳಿಲ್ಲ, ಕೇಳುವ ಹಿರಿಯರೂ ಇಲ್ಲ. ಆ ಕಾಲದ ಎಷ್ಟೋ ಮಂದಿ ಶ್ರೀಮಂತರು ಇಂಥ ಸ್ಥಿತಿಯಲ್ಲಿ ಕುದುರೆ, ಜೂಜು, ಬೇಟೆ, ಮೇಜವಾನಿಗಳಲ್ಲಿ ಆಯುಷ್ಯವನ್ನೂ ಐಶ್ವರ್ಯವನ್ನೂ ಕಳೆದರು. ಅವರ ಹೆಸರು ಇಂದು ಯಾರ ಬಾಯಲ್ಲಿಯೂ ಇಲ್ಲ. ಯೂಸುಫ್ ಅಲಿ ಖಾನರು ಹಿಡಿದ ದಾರಿ ಬೇರೆ. ಮುಂದಿನ 35 ವರ್ಷಗಳನ್ನು ಅವರು ಕಲಾವಸ್ತುಗಳ ಸಂಗ್ರಹಕ್ಕೇ ಮೀಸಲಾಗಿಟ್ಟರು.

ಅವರ ನಿವಾಸ ಚಾರ್‌ಮಿನಾರಿಗೆ ಸಮೀಪವಾಗಿದ್ದ ದಿವಾನ್ ದೇವಡಿ ಎಂಬ ಅರಮನೆ. ಅಪೂರ್ವ ವಸ್ತುಗಳನ್ನು ಮಾರುವ ವ್ಯಾಪಾರಿಗಳು ಗಂಟು ಹೊತ್ತು ಅಲ್ಲಿಗೆ ಬರುತ್ತಿದ್ದರು. ಹೊರದೇಶದ ಅಂಗಡಿಗಳಿಂದ ಪಟ್ಟಿಗಳು ಬರುತ್ತಿದ್ದವು. ತಾವೇ ಯುರೋಪಿಗೂ ಮಧ್ಯಪೂರ್ವದ ದೇಶಗಳಿಗೂ ಪ್ರವಾಸ ಹೋಗಿ, ಮೆಚ್ಚಿದ್ದನ್ನು ಕೊಂಡು ತಂದರು. ಚೀನ ಜಪಾನುಗಳ ಪಿಂಗಾಣಿ, ಪರ್ಷಿಯದ ರತ್ನಗಂಬಳಿ, ಫ್ರಾನ್ಸಿನ ಪೀಠೋಪಕರಣ, ಇಂಗ್ಲೆಂಡಿನ ಗಡಿಯಾರ, ರಾಜಸ್ಥಾನದ ಮತ್ತು ದಖ್ಖನಿನ ಚಿತ್ರಗಳು, ಕತ್ತಿ ಕಠಾರಿಗಳು, ಕೈಬರಹದ ಗ್ರಂಥಗಳು — ಹೀಗೆ ಅವರ ಆಸಕ್ತಿಗೆ ಎಲ್ಲೆಯೇ ಇರಲಿಲ್ಲ. ಮಕ್ಕಳಿಲ್ಲದ ಆ ಮನೆಗೆ ಮಕ್ಕಳ ಆಟಿಗೆಗಳೂ ಬಂದವು. ತಜ್ಞರು ಹೇಳುವಂತೆ ಅವರು ಕೊಂಡುದೆಲ್ಲ ಶ್ರೇಷ್ಠವಾದುದಲ್ಲ. ಅಸಲಿನ ಜೊತೆಗೆ ನಕಲೂ ಸೇರಿಕೊಂಡಿತ್ತು. ಅಷ್ಟು ವಸ್ತುಗಳನ್ನು ಒಬ್ಬರೇ ಕೊಳ್ಳುವಾಗ ಹಾಗಾಗುವುದು ಸಹಜ. ಕವಿಗಳಿಗೂ ಲೇಖಕರಿಗೂ ಅವರು ಆಶ್ರಯ ಕೊಟ್ಟರು. ಗ್ರಂಥಗಳ ಪ್ರಕಟಣೆಗೆ ನೆರವಾದರು.

ಅವರ ಮನೆಯಲ್ಲಿ ಕೂಡಿದ್ದ ವಸ್ತುಗಳಲ್ಲಿ ಕೆಲವನ್ನಾದರೂ ಹೆಸರಿಸಬೇಕು. ದಿಲ್ಲಿಯ ಸುಲ್ತಾನ ಇಲ್ತುಮಿಶನ ಹೆಸರನ್ನು ಕೆತ್ತಿದ, ಜೇಡ್ ಎಂಬ ಹಸಿರು ಛಾಯೆಯ ಶಿಲೆಯ ವ್ಯಾಸಪೀಠವೊಂದಿದೆ. ನೂರ್‌ಜಹಾನಳದೆಂದು ಹೇಳಲಾಗುವ, ಹರಳು ಕೂಡಿಸಿದ ಕಠಾರಿಯಿದೆ. ಒಂದೇ ಮರದಲ್ಲಿ ಎರಡು ವ್ಯಕ್ತಿಗಳನ್ನು ಕೆತ್ತಿದ ಪ್ರತಿಮೆಯೊಂದಿದೆ. ಮುಂದಿನಿಂದ ನೋಡಿದರೆ ಗರ್ವದಿಂದ ನಿಂತ ಮೆಫಿಸ್ಟಾಫಿಲಿಸ್ ಎಂಬ ದುಷ್ಟ. ಹಿಂದಿರುವ ಕನ್ನಡಿಯಲ್ಲಿ ನೋಡಿದರೆ ತಲೆತಗ್ಗಿಸಿದ ಮಾರ್ಗರೆಟ್ ಎಂಬ ಸೌಮ್ಯ ತರುಣಿ. ಇಬ್ಬರೂ ಜರ್ಮನ್ ಕವಿ ಗಯಟೆಯ ನಾಟಕದ ಪಾತ್ರಗಳು. ಇನ್ನು ಗಡಿಯಾರವನ್ನು ನಾನು ವರ್ಣಿಸಬೇಕಾಗಿಲ್ಲ. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಸಂಸ್ಥೆಯ ಹೆಸರು ಹೊತ್ತ ಅದರೊಳಗೆ ಕಮ್ಮಾರನ ಬೊಂಬೆಯು ಕ್ಷಣಕ್ಷಣಕ್ಕೂ ಸುತ್ತಿಗೆ ಎತ್ತಿ ಹೊಡೆಯುವುದನ್ನೂ, ಗಂಟೆಗೊಮ್ಮೆ ಗಡ್ಡದ ಬೊಂಬೆಯು ಬಾಗಿಲು ತೆರೆದು ಬಂದು ಜಾಗಟೆ ಬಾರಿಸಿ ಒಳಗೆ ಹೋಗುವುದನ್ನೂ ನೀವೆಲ್ಲರೂ ನೋಡಿದ್ದೀರಿ.

ಮುಸುಕಿನ ರೆಬೆಕಾ ಎಂಬ ಅಮೃತಶಿಲೆಯ ಪ್ರತಿಮೆ ಮಾತ್ರ ಅಜ್ಜನವರ ಕಾಲದಲ್ಲಿಯೇ ಬಂದುದು. ಇಟಲಿಯ ಶಿಲ್ಪಿ ಬೆಂಜೋನಿ ಅದನ್ನು ಕಡೆದವನು. ಗಟ್ಟಿಯಾದ ಕಲ್ಲಿನಲ್ಲಿ ತೆಳುವಾದ ಬಟ್ಟೆಯನ್ನೂ ಅದರೊಳಗಿನಿಂದ ತೋರುವ ಮುಖವನ್ನೂ ಮೂಡಿಸಿದ ಅವನ ಕೌಶಲ ಅದ್ಭುತವಾದುದು. 1876ರಲ್ಲಿ ಯುರೋಪಿಗೆ ಹೋಗಿದ್ದಾಗ ಮೊದಲನೆಯ ಸಾಲಾರ್ ಜಂಗರು ಅದನ್ನು ರೋಮ್ ನಗರದಲ್ಲಿ ಕೊಂಡರು.

1876 ಎಂಬ ಈ ಇಸವಿಯನ್ನು ಕನ್ನಡಿಗರು ಮರೆಯುವಂತಿಲ್ಲ. ಆ ವರ್ಷದ ಮಳೆಗಾಲ ಕೈಕೊಟ್ಟಿತು. ಮುಂದಿನ ವರ್ಷವೂ ಹಾಗೆಯೇ ಆಯಿತು. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ಹೇಳುವ ಆ ಘೋರ ಕ್ಷಾಮದಲ್ಲಿ ರಾಯಚೂರು, ಬಳ್ಳಾರಿ, ಧಾರವಾಡ ಸೀಮೆಗಳಲ್ಲಿಯೂ ಮೈಸೂರಿನಲ್ಲಿಯೂ ಜನರೂ ದನಕರುಗಳೂ ಲೆಕ್ಕವಿಲ್ಲದಷ್ಟು ಸತ್ತರು, ಹಳ್ಳಿಗಳು ಹಾಳುಬಿದ್ದವು.

ಬರದ ಮಾತು ಇಲ್ಲಿ ಏತಕ್ಕೆಂದು ನೀವು ಕೇಳಬಹುದು. ಆರಂಭದಲ್ಲಿ ವಿಶೇಷ ಕಾರಣವೆಂದು ಹೇಳಿದ್ದೆನಷ್ಟೆ, ಅದು ಇದೇ. ಸಾಲಾರ್ ಜಂಗ್ ಮನೆತನಕ್ಕೆ ನಿಜಾಮರು ಕೊಟ್ಟಿದ್ದ ಜಹಗೀರುಗಳಲ್ಲಿ ಕನ್ನಡ ನಾಡಿನ ಕೊಪ್ಪಳ ಮತ್ತು ಯಲಬುರ್ಗಾ ತಾಲೂಕುಗಳೂ ಸೇರಿದ್ದವು. ಅಲ್ಲಿಯ ರೈತರು ಎರೆ ಹೊಲದಲ್ಲಿ ಬೆಳೆದ ಜೋಳ ಹತ್ತಿಗಳ ಮೇಲೆ ಕೊಟ್ಟ ಕಂದಾಯ ಸರಕಾರಕ್ಕೆ ಹೋಗದೆ ಜಹಗೀರುದಾರರ ಖಜಾನೆಗೆ ಸೇರುತ್ತಿದ್ದಿತು. ಇತರ ಭಾಗಗಳ ತೆಲುಗು ಮರಾಠಿ ರೈತರ ಹಣವೂ ಅಲ್ಲಿಗೇ ಬರುತ್ತಿದ್ದಿತು. ನಾನು ಆ ಕೊಪ್ಪಳ ಸೀಮೆಯಿಂದ ಬಂದು ಈ ನಗರದಲ್ಲಿ ನೆಲೆಸಿದವನು. ಜಹಗೀರಿನ ಕಾಲದ ಮಾತುಗಳನ್ನು ಮುದುಕರ ಬಾಯಿಂದ ಕೇಳುತ್ತ ಬೆಳೆದವನು. ಆದುದರಿಂದ ಆ ಬೆಲೆಬಾಳುವ ಪಿಂಗಾಣಿಯ ಮುಂದೆ ನಿಂತಾಗಲೆಲ್ಲ, ಇದಕ್ಕೆ ತೆತ್ತ ಹಣದಲ್ಲಿ ನಮ್ಮ ಕಡೆಯ ಯಾವ ಹೊಲದ ಯಾವ ಸುಗ್ಗಿಯ ಪಾಲಿದೆಯೋ ಎಂಬ ಯೋಚನೆ ಬಾರದೆ ಇರದು.

ಇದರಿಂದ ನವಾಬರನ್ನು ನಿಂದಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಜಹಗೀರುಗಳನ್ನು ಅವರು ಹುಟ್ಟಿಸಿದವರಲ್ಲ. ಅದು ಆ ಕಾಲದ ವ್ಯವಸ್ಥೆ. ಉಳಿದ ಜಹಗೀರುದಾರರು ಪಡೆದ ಹಣವೂ ರೈತರದೇ. ಅದರಲ್ಲಿ ಬಹುಭಾಗ ಉಂಡು ಉಟ್ಟು ತೀರಿಹೋಯಿತು. ಇವರು ಪಡೆದುದರಲ್ಲಿ ಒಂದು ದೊಡ್ಡ ಪಾಲಾದರೂ ಕೆಡದ ವಸ್ತುವಾಗಿ ಉಳಿಯಿತು. ಆದರೆ ಹೊಗಳುವ ಭರದಲ್ಲಿ ದುಡಿದವರನ್ನು ಮರೆಯುವುದೂ ನ್ಯಾಯವಲ್ಲ. ಸಂಗ್ರಹಕ್ಕೆ ಕಣ್ಣು ಕೊಟ್ಟವರು ನವಾಬರು. ಕಾಸು ಕೊಟ್ಟವರಲ್ಲಿ ನಮ್ಮ ರೈತರೂ ಇದ್ದರು. ಎರಡೂ ಸತ್ಯವೇ.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆಯು ಹೈದರಾಬಾದನ್ನು ಪ್ರವೇಶಿಸಿತು. ನಿಜಾಮರ ಆಳಿಕೆ ಕೊನೆಗೊಂಡಿತು. ಹಳೆಯ ಲೋಕವು ಕಣ್ಣೆದುರಿನಲ್ಲಿಯೇ ಕುಸಿಯುತ್ತಿದ್ದ ಆ ದಿನಗಳಲ್ಲಿಯೂ ನವಾಬರು ಸಂಗ್ರಹದ ಕೆಲಸವನ್ನು ಬಿಡಲಿಲ್ಲ. ಅವರು ಕಟ್ಟಕಡೆಗೆ ಕೊಂಡ ವಸ್ತುಗಳಲ್ಲಿ ಮೈಸೂರಿನ ಟಿಪ್ಪು ಸುಲ್ತಾನನದೆಂದು ಹೇಳಲಾಗುವ ದಂತದ ಕುರ್ಚಿಗಳೂ ಇದ್ದವಂತೆ. ಫ್ರಾನ್ಸಿನ ದೊರೆ 16ನೆಯ ಲೂಯಿ ಅವನ್ನು ಟಿಪ್ಪುವಿಗೆ ಕಾಣಿಕೆಯಾಗಿ ಕಳುಹಿಸಿದನೆಂದು ಪ್ರತೀತಿಯುಂಟು. ಆ ಕುರ್ಚಿಗಳು ಇಂದಿಗೂ ಸಂಗ್ರಹಾಲಯದ ದಂತದ ಕೊಠಡಿಯಲ್ಲಿ ಇವೆ. 1949ರ ಮಾರ್ಚ್ 2ರಂದು ನವಾಬ ಯೂಸುಫ್ ಅಲಿ ಖಾನರು ದಿವಂಗತರಾದರು. ಅವರಿಗೆ 59 ವರ್ಷ ವಯಸ್ಸಾಗಿತ್ತು.

ಅವರ ಜೀವನಚರಿತ್ರೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಇಂಥವರ ಚರಿತ್ರೆಯಲ್ಲಿ ಮುಖ್ಯವಾದ ಭಾಗವು ಅವರು ಕಣ್ಣು ಮುಚ್ಚಿದ ಮೇಲೆಯೇ ಆರಂಭವಾಗುತ್ತದೆ. ನವಾಬರಿಗೆ ಸಂತಾನವಿರಲಿಲ್ಲ. ಬಂಧುಗಳು ಬಹುಮಂದಿ ಇದ್ದರು. ಎಲ್ಲರಿಗೂ ಆಸ್ತಿಯಲ್ಲಿ ಹಕ್ಕು ಕೇಳುವ ಅವಕಾಶವಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಜಹಗೀರುಗಳೂ ರದ್ದಾದವು. ಇನ್ನು ಆ ಸಾವಿರಾರು ವಸ್ತುಗಳ ಗತಿಯೇನು? ಪಾಲು ಹಂಚಿದ್ದರೆ ಒಬ್ಬರಿಗೆ ಗಡಿಯಾರ, ಮತ್ತೊಬ್ಬರಿಗೆ ಗಂಬಳಿ, ಇನ್ನೊಬ್ಬರಿಗೆ ಗ್ರಂಥದ ಪೆಟ್ಟಿಗೆ ಹೋಗುತ್ತಿತ್ತು. ಹರಾಜು ಹಾಕಿದ್ದರೆ ಒಂದೇ ವರ್ಷದಲ್ಲಿ ಎಲ್ಲವೂ ದೇಶಾಂತರವಾಗುತ್ತಿತ್ತು.

ಇದು ಬರಿಯ ಊಹೆಯಲ್ಲ. ಅಂಥ ದುರ್ಗತಿಯನ್ನು ಕನ್ನಡ ನಾಡು ಒಮ್ಮೆ ಕಣ್ಣಾರೆ ಕಂಡಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಟಿಪ್ಪುವಿನ ಅರಮನೆಯ ವಸ್ತುಗಳೂ ಅಮೂಲ್ಯವಾದ ಗ್ರಂಥಭಂಡಾರವೂ ಚೆದುರಿಹೋದವು. ಅವನ ಪ್ರಸಿದ್ಧವಾದ ಮರದ ಹುಲಿಯನ್ನು ನೋಡಬೇಕಾದರೆ ಇಂದು ಲಂಡನ್ನಿಗೆ ಹೋಗಬೇಕು. ಅವನ ಸಿಂಹಾಸನವನ್ನು ಕಡಿದು ತುಂಡುಮಾಡಿ ಹಂಚಿಕೊಂಡರು. ಕೈ ಬದಲಾಗುತ್ತ ಬಂದ ಆ ದಂತದ ಕುರ್ಚಿಗಳು ದಿವಾನ್ ದೇವಡಿಯನ್ನು ತಲಪಿದವು. ಮತ್ತೊಮ್ಮೆ ಚೆದುರಿಹೋಗುವ ಅಪಾಯ ಅಲ್ಲಿಯೂ ಅವನ್ನು ಎದುರುಗೊಂಡಿತ್ತು.

ಈ ಸಲ ಹಾಗಾಗಲಿಲ್ಲ. ಸರಕಾರವು ಎಸ್ಟೇಟನ್ನು ನೋಡಿಕೊಳ್ಳಲು ಒಂದು ಸಮಿತಿಯನ್ನು ನೇಮಿಸಿತು. ಆಗ ಹೈದರಾಬಾದಿನ ಆಡಳಿತವನ್ನು ವಹಿಸಿದ್ದ ಎಂ. ಕೆ. ವೆಲ್ಲೋಡಿಯವರು, ಈ ವಸ್ತುಗಳನ್ನು ಒಂದೆಡೆಯಲ್ಲಿ ಜೋಡಿಸಿ ಸಾರ್ವಜನಿಕರಿಗೆ ತೋರಿಸಬೇಕೆಂದು ಮನಸ್ಸು ಮಾಡಿದರು. ನವಾಬರ ಬೇರೆ ಬೇರೆ ಅರಮನೆಗಳಲ್ಲಿ ಹರಡಿದ್ದುದನ್ನು ವಿಂಗಡಿಸಿ ಜೋಡಿಸುವ ಕೆಲಸಕ್ಕೆ ಕಲಾವಿಮರ್ಶಕರಾದ ಡಾಕ್ಟರ್ ಜೇಮ್ಸ್ ಕಸಿನ್ಸರ ನೆರವನ್ನು ಪಡೆದರು.

ಜೇಮ್ಸ್ ಕಸಿನ್ಸ್ ಎಂಬ ಹೆಸರನ್ನು ನಮ್ಮ ಮೇಲಿನ ತರಗತಿಯವರು ಬೇರೊಂದು ಪಾಠದಲ್ಲಿ ಓದಿರಬಹುದು. ಅವರು ಐರ್ಲೆಂಡಿನ ಕವಿ, ಭಾರತವನ್ನೇ ಮನೆಮಾಡಿಕೊಂಡವರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ರಚನೆಗೆ 1924ರಲ್ಲಿ ನೆರವಾದವರೂ ಅವರೇ. ಆ ಸಮಯದಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಒಬ್ಬ ಮಲೆನಾಡಿನ ತರುಣ ತಾನು ಇಂಗ್ಲಿಷಿನಲ್ಲಿ ಬರೆದ ಕವನಗಳನ್ನು ಅವರಿಗೆ ತೋರಿಸಲು ಹೋದನು. ಕಸಿನ್ಸರು ಅವನ್ನು ನೋಡಿ, ಪರಭಾಷೆಯನ್ನು ಬಿಟ್ಟು ಮಾತೃಭಾಷೆಯಲ್ಲಿ ಬರೆಯುವಂತೆ ಬುದ್ಧಿ ಹೇಳಿದರು. ಆ ತರುಣನೇ ಕುವೆಂಪು. ನಗರದಲ್ಲಿದ್ದುಕೊಂಡು ಕನ್ನಡ ಮಾಧ್ಯಮದಲ್ಲಿ ಓದುವ ನಿಮಗೆ, ಕನ್ನಡದಿಂದ ಏನಾದೀತೆಂದು ಹಂಗಿಸುವವರು ಸಿಗುತ್ತಾರೆ. ದೂರದೇಶದ ಆ ಕವಿಗೆ ತಿಳಿದ ಮಾತು ಎಷ್ಟೋ ಸಲ ನಮ್ಮವರಿಗೇ ತಿಳಿಯುವುದಿಲ್ಲ. ಕನ್ನಡಕ್ಕೆ ಅಂಥ ಉಪಕಾರ ಮಾಡಿದವರ ಕೈಯೇ ಹೈದರಾಬಾದಿನ ಈ ಸಂಗ್ರಹವನ್ನೂ ಜೋಡಿಸಿತೆಂಬುದು ನಾವು ಸಂತೋಷಪಡತಕ್ಕ ಸಂಗತಿ.

1951ರ ಡಿಸೆಂಬರ್ 16ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ದಿವಾನ್ ದೇವಡಿಯಲ್ಲಿ ಸಂಗ್ರಹಾಲಯವನ್ನು ಉದ್ಘಾಟಿಸಿದರು. ಅಲ್ಲಿಯವರೆಗೆ ಆಹ್ವಾನವಿದ್ದ ದೊಡ್ಡ ಮನುಷ್ಯರು ಮಾತ್ರ ದಾಟುತ್ತಿದ್ದ ಹೊಸ್ತಿಲನ್ನು ಅಂದಿನಿಂದ ಟಾಂಗಾ ಹೊಡೆಯುವವನೂ ತರಕಾರಿ ಮಾರುವವಳೂ ದಾಟಬಹುದಾಯಿತು. ಆದರೆ ಆಸ್ತಿಯ ಪ್ರಶ್ನೆ ಇನ್ನೂ ಬಗೆಹರಿದಿರಲಿಲ್ಲ. 1958ರಲ್ಲಿ ಉಚ್ಚ ನ್ಯಾಯಾಲಯದ ಮೂಲಕ ರಾಜಿಯಾಗಿ, ವಾರಸುದಾರರು ಸಂಗ್ರಹವನ್ನು ರಾಷ್ಟ್ರಕ್ಕೆ ಬಿಟ್ಟುಕೊಟ್ಟರು. ಇದನ್ನು ನಾವು ಸಣ್ಣ ತ್ಯಾಗವೆಂದು ಎಣಿಸಬಾರದು. 1961ರಲ್ಲಿ ಲೋಕಸಭೆ ರಾಜ್ಯಸಭೆಗಳು ಶಾಸನ ಮಾಡಿ, ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿದವು. ರಾಜ್ಯಪಾಲರ ಅಧ್ಯಕ್ಷತೆಯಲ್ಲಿ ಆಡಳಿತ ಮಂಡಳಿಯೊಂದು ಏರ್ಪಟ್ಟಿತು. 1963ರಲ್ಲಿ ನೆಹರೂ ಅವರೇ ಮೂಸಿಯ ದಂಡೆಯಲ್ಲಿ ಹೊಸ ಕಟ್ಟಡಕ್ಕೆ ಅಸ್ತಿಭಾರ ಹಾಕಿದರು. 1968ರಲ್ಲಿ ಸಂಗ್ರಹವೆಲ್ಲವೂ ಅಲ್ಲಿಗೆ ಬಂದಿತು. ಮುಂದೆ 2000ದ ಇಸವಿಯ ಹೊತ್ತಿಗೆ ಪೂರ್ವ ಪಶ್ಚಿಮಗಳಲ್ಲಿ ಇನ್ನೆರಡು ಕಟ್ಟಡಗಳು ಸೇರಿದವು. ಇಂದು ಅಲ್ಲಿ 40,000ಕ್ಕೂ ಮಿಕ್ಕ ಕಲಾವಸ್ತುಗಳೂ, ಸಾವಿರಾರು ಹಸ್ತಪ್ರತಿಗಳೂ, ದೊಡ್ಡದೊಂದು ಗ್ರಂಥಾಲಯವೂ ಇವೆ.

ಈ ಸಂಸ್ಥೆಯಿಂದ ಊರಿಗೆ ಆಗುತ್ತಿರುವ ಪ್ರಯೋಜನವೇನು? ಬಿಡುವಿನ ದಿನ ಹೊತ್ತು ಕಳೆಯುವ ಸ್ಥಳವೆಂದು ಕೆಲವರು ತಿಳಿದಿದ್ದಾರೆ. ಅಷ್ಟೇ ಆಗಿದ್ದರೂ ತಪ್ಪಿಲ್ಲ. ಆದರೆ ಅದು ಅಷ್ಟಕ್ಕೇ ನಿಂತಿಲ್ಲ. ವಿದ್ವಾಂಸರು ದೂರದೇಶಗಳಿಂದ ಬಂದು ಅಲ್ಲಿಯ ಅರಬಿ, ಪಾರಸಿ, ಉರ್ದು ಹಸ್ತಪ್ರತಿಗಳನ್ನು ಓದುತ್ತಾರೆ. ಚಿತ್ರಕಲೆ ಕಲಿಯುವವರು ಹಳೆಯ ಚಿತ್ರಗಳ ಮುಂದೆ ಕುಳಿತು ಗೆರೆ ಎಳೆಯುವುದನ್ನು ಅಭ್ಯಾಸ ಮಾಡುತ್ತಾರೆ. ವರ್ಷವರ್ಷವೂ ಮಕ್ಕಳಿಗಾಗಿ ಸ್ಪರ್ಧೆಗಳೂ ವಿಶೇಷ ಪ್ರದರ್ಶನಗಳೂ ನಡೆಯುತ್ತವೆ. ಇವೆಲ್ಲಕ್ಕಿಂತ ಮಿಗಿಲಾದ ಇನ್ನೊಂದು ಉಪಕಾರವಿದೆ. ಗಂಟೆ 12 ಹೊಡೆಯುವ ಹೊತ್ತಿಗೆ ಗಡಿಯಾರದ ಮುಂದೆ ಹೋಗಿ ನಿಂತು, ಬೊಂಬೆಯ ಕಡೆಗಲ್ಲ, ನೆರೆದವರ ಮುಖದ ಕಡೆಗೆ ನೋಡಿರಿ. ತೆಲುಗರು, ಉರ್ದು ಮಾತನಾಡುವವರು, ಮರಾಠಿಗರು, ಕನ್ನಡಿಗರು, ಉತ್ತರದಿಂದ ಕೂಲಿಗೆ ಬಂದವರು ಎಲ್ಲರೂ ಒಂದೇ ಕಡೆ ಕತ್ತೆತ್ತಿ ಕಾಯುತ್ತಿರುತ್ತಾರೆ. ಬಡವ ಬಲ್ಲಿದರೆಂಬ ಭೇದ ಅಲ್ಲಿಲ್ಲ. ಹಲವು ಭಾಷೆಯ ಈ ನಗರದಲ್ಲಿ ಎಲ್ಲರೂ ಕೂಡಿ ನಿಲ್ಲುವ ಇಂಥ ಸ್ಥಳಗಳು ಬಹಳವಿಲ್ಲ.

ಮುಂದಿನ ಸಲ ಹೋದಾಗ ಗಡಿಯಾರವನ್ನು ನೋಡಿ ಹಿಂದಿರುಗದೆ ಬಿದರಿ ಕೊಠಡಿಗೆ ತಪ್ಪದೆ ಹೋಗಿರಿ. ಅಲ್ಲಿರುವ ಹುಕ್ಕಾ, ತಾಂಬೂಲದ ಪೆಟ್ಟಿಗೆ, ತಟ್ಟೆ, ಹೂಜಿಗಳು ಬೀದರಿನ ಕಲೆ. ಬಿದರಿ ಎಂಬ ಹೆಸರೇ ಆ ಊರಿನಿಂದ ಬಂದುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಕೊರೆದ ಸಂದಿನಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂಡಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಕಾಯಿಸಿ ಬಳಿಯುತ್ತಾರೆ. ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿದು ಹೊಳೆಯುತ್ತದೆ. ಹಾಗೆಯೇ ದಖ್ಖನಿನ ಚಿತ್ರಗಳ ಕೊಠಡಿಯಲ್ಲಿ ಬಿಜಾಪುರದ ಕುಂಚದ ಕೆಲಸವನ್ನು ಹುಡುಕಿರಿ. ದಂತದ ಕೊಠಡಿಯಲ್ಲಿ ಆ ಕುರ್ಚಿಗಳನ್ನು ಕಂಡು ಶ್ರೀರಂಗಪಟ್ಟಣವನ್ನು ನೆನೆಯಿರಿ. ಹೆಸರು ಬರೆಯದೆ ಹೋದ ಆ ಕುಶಲಕರ್ಮಿಗಳನ್ನು ನೆನೆಯುವುದು ಸಂಗ್ರಹಿಸಿದವರನ್ನು ನೆನೆಯುವಷ್ಟೇ ಆವಶ್ಯಕ.

1956ರ ನವೆಂಬರ್ 1ರಂದು ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಕನ್ನಡ ರಾಜ್ಯವನ್ನು ಸೇರಿದವು. ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. 2014ರಿಂದ ತೆಲಂಗಾಣದ ರಾಜಧಾನಿಯಾಗಿದೆ. ರಾಜ್ಯಗಳ ಎಲ್ಲೆಗಳು ಬದಲಾದವು. ಆದರೆ ಆ ಕಟ್ಟಡದೊಳಗೆ ಹಳೆಯ ನಾಡಿನ ಎಲ್ಲ ಭಾಗಗಳೂ ಒಂದೇ ಮಾಡಿನ ಕೆಳಗೆ ಇನ್ನೂ ಕೂಡಿಯೇ ಇವೆ. ಅಲ್ಲಿಗೆ ಹೋಗುವ ಕನ್ನಡದ ವಿದ್ಯಾರ್ಥಿಯು ಪರರ ಐಶ್ವರ್ಯವನ್ನು ಇಣಿಕಿ ನೋಡಲು ಬಂದವನಂತೆ ಅಳುಕಬೇಕಾಗಿಲ್ಲ. ಕೊಪ್ಪಳದ ರೈತ ತೆತ್ತ ಕಂದಾಯ, ಬೀದರಿನ ಕಮ್ಮಟದವನು ಸವೆಸಿದ ಉಳಿ, ಬಿಜಾಪುರದ ಚಿತ್ರಕಾರನು ಹಿಡಿದ ಕುಂಚ, ಇವುಗಳ ಬಲದಿಂದ ಅವನಿಗೂ ಅಲ್ಲಿ ಪಾಲುಂಟು. ಆ ಪಾಲನ್ನು ಒಂದೆಡೆಯಲ್ಲಿ ಕೂಡಿಸಿ, ಕಾಪಾಡಿ, ನಮ್ಮ ಕಾಲದವರೆಗೆ ಉಳಿಯುವಂತೆ ಮಾಡಿದವರು ನವಾಬ ಯೂಸುಫ್ ಅಲಿ ಖಾನರು. ಪಾಲುದಾರರಾದ ನಾವು ಮಾಡಬೇಕಾದುದು ಇಷ್ಟೇ: ಅದನ್ನು ಚೆನ್ನಾಗಿ ನೋಡಿ ಅರಿತುಕೊಳ್ಳುವುದು, ಮುಂದೆ ಬರುವವರಿಗೆ ಕೆಡದಂತೆ ಒಪ್ಪಿಸುವುದು.